ಹಳೆಯ ಎಂಜಿನ್ನಿಗೆ ಹೊಸ ಕಿವಿ

(ಶಾಲೆಯ ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಡಾಕ್ಟರು ಇದ್ದಾರೆ, ತಹಸೀಲ್ದಾರರಾಗಿದ್ದವರು ಇದ್ದಾರೆ, ಸೈನ್ಯದಲ್ಲಿ ಸೇವೆ ಮಾಡಿ ಬಂದವರಿದ್ದಾರೆ. ನಾನು ಮೈಸೂರಿನಲ್ಲಿ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡವನು. ಇಪ್ಪತ್ತು ವರ್ಷಗಳಿಂದ ಅದರ ಜೊತೆಗೆ ಇನ್ನೊಂದು ಕೆಲಸ ಹಿಡಿದಿದ್ದೇನೆ. ಐವತ್ತು ಅರವತ್ತು ವರ್ಷ ಹಳೆಯದಾದ ಮಾದರಿ ರೈಲು ಎಂಜಿನ್‌ಗಳನ್ನು ಡಿಜಿಟಲ್ ವ್ಯವಸ್ಥೆಗೆ ಬದಲಾಯಿಸಿ ಕೊಡುವುದು. ನಮ್ಮ ಅವ್ವ ಮೊದಲ ಸಲ ಅಂಗಡಿಗೆ ಬಂದು ಇದನ್ನು ನೋಡಿದಾಗ, "ಏನ್ ಮಗ, ಆಟದ್ ಸಾಮಾನ್ ರಿಪೇರಿ ಮಾಡಕಾ ನೀನು ಮೈಸೂರ್ಗೋಗಿ ಓದುದ್ದು?" ಅಂದಿದ್ದಳು. ಆ ಪ್ರಶ್ನೆಗೆ ಇವತ್ತು ನಿಮ್ಮೆಲ್ಲರ ಮುಂದೆ ಉತ್ತರ ಕೊಡುತ್ತೇನೆ.

ನಾನಿಲ್ಲಿ ಓದಿದ್ದು ಎಂಬತ್ತರ ದಶಕದಲ್ಲಿ. ಆಗ ನಮ್ಮೂರ ಸ್ಟೇಷನ್ನಿಗೆ ಬರುತ್ತಿದ್ದದ್ದು ಮೀಟರ್ ಗೇಜ್ ರೈಲು. ಮೈಸೂರಿನಿಂದ ನಂಜನಗೂಡು, ಕವಲಂದೆ ದಾಟಿ ಬದನಗುಪ್ಪೆಗೆ ಬಂದು, ಮರಿಯಾಲದ ಮೇಲೆ ಚಾಮರಾಜನಗರಕ್ಕೆ ಹೋಗುತ್ತಿತ್ತು. ಗಡಿಯಾರ ಇಲ್ಲದ ಮನೆಗಳಿಗೆ ಅದರ ಕೂಗೇ ಗಡಿಯಾರ. ಅರಿಶಿನ ಬೇಯಿಸುವ ಕಾಲದಲ್ಲಿ ಹೊಲದ ಹೊಗೆಯೂ ಎಂಜಿನ್ನಿನ ಹೊಗೆಯೂ ಒಂದಾಗಿ ನಿಲ್ಲುತ್ತಿದ್ದದ್ದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ರೈಲು ಹೋಗುವಾಗ ಡಬ್ಬಿ ಎಣಿಸಿದ್ದಕ್ಕೆ ನನಗೆ ಏಟು ಬಿದ್ದಿದೆ. ಏಟು ಕೊಟ್ಟ ವಿಜ್ಞಾನದ ಮೇಷ್ಟ್ರೇ ಆಮೇಲೆ ಕರೆದು, ಉಗಿ ಪಿಸ್ಟನ್ನನ್ನು ಹೇಗೆ ತಳ್ಳುತ್ತದೆ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದರು.

ವಿಷಯಕ್ಕೆ ಬರುವ ಮುಂಚೆ, ನಾವೆಲ್ಲ ನೂರಾರು ಸಲ ನೋಡಿರುವ ಒಂದು ಸೇತುವೆಯ ಮಾತು ಹೇಳಬೇಕು. ನಂಜನಗೂಡಿನಲ್ಲಿ ಕಪಿಲಾ ನದಿಯ ಮೇಲಿರುವ ಹಳೆಯ ಕಲ್ಲಿನ ಸೇತುವೆ. ಅದನ್ನು ಕಟ್ಟಿದ್ದು 1735ರಲ್ಲಿ, ದಳವಾಯಿ ದೇವರಾಜಯ್ಯನವರ ಕಾಲದಲ್ಲಿ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವ್ಯಾಟ್ ಹುಟ್ಟಿದ್ದು 1736ರಲ್ಲಿ. ಆ ಸೇತುವೆ ಕಟ್ಟಿದವರಿಗೆ ರೈಲು ಅನ್ನುವ ಪದವೇ ಗೊತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದಾಗ, ಎತ್ತಿನ ಗಾಡಿಗೆಂದು ಕಟ್ಟಿದ ಅದೇ ಸೇತುವೆಯ ಒಂದು ಪಕ್ಕದಲ್ಲಿ ಹಳಿ ಹಾಸಿದರು. ಇನ್ನೊಂದು ಪಕ್ಕದಲ್ಲಿ ಗಾಡಿ, ಬಸ್ಸು. ಸುಮಾರು ನೂರು ವರ್ಷ ಅದು ರೈಲನ್ನು ಹೊತ್ತಿತು. 1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರದ ತನಕ ಹಳಿ ಬಂದ ಮೇಲೆ ನಮ್ಮೂರಿನವರನ್ನೂ ಹೊತ್ತಿತು. ಹಳೆಯದನ್ನು ಕೆಡವದೆ ಹೊಸ ಕೆಲಸಕ್ಕೆ ಒಗ್ಗಿಸುವುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅದೇ.

ಆಮೇಲೆ ಗೇಜ್ ಪರಿವರ್ತನೆ ಬಂತು. ಮೀಟರ್ ಗೇಜ್ ಅಂದರೆ ಎರಡು ಹಳಿಗಳ ನಡುವೆ 1000 ಮಿಲಿಮೀಟರ್. ಬ್ರಾಡ್ ಗೇಜ್ ಅಂದರೆ 1676 ಮಿಲಿಮೀಟರ್. ಅಗಲವೇ ಬದಲಾದ ಮೇಲೆ ಹಳೆಯ ಎಂಜಿನ್, ಹಳೆಯ ಡಬ್ಬಿ ಯಾವುದೂ ಆ ಹಳಿಯ ಮೇಲೆ ನಿಲ್ಲುವುದಿಲ್ಲ. ಹೊಸ ಹಳಿಗೆ ಹೊಸ ಸೇತುವೆಯೇ ಬೇಕಾಯಿತು. ಅದರಿಂದ ನಮಗೆ ಒಳ್ಳೆಯದೇ ಆಗಿದೆ, ಗಾಡಿ ಬದಲಿಸದೆ ದೂರದ ಊರುಗಳಿಗೆ ಹೋಗುತ್ತೇವೆ. ಆದರೆ ನಾನು ಡಬ್ಬಿ ಎಣಿಸಿದ ರೈಲಿನ ಜಾತಿಯ ಎಂಜಿನ್ ನೋಡಬೇಕೆಂದರೆ ಈಗ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಬೇಕು. 1979ರಲ್ಲಿ ಶುರುವಾದ ಆ ಮ್ಯೂಸಿಯಮ್ಮಿನಲ್ಲಿ ಅವು ಬಣ್ಣ ಬಳಿಸಿಕೊಂಡು ನಿಂತಿವೆ.

ಮಾದರಿ ರೈಲಿನ ಲೋಕದಲ್ಲಿ ನಡೆದದ್ದು ಇದಕ್ಕೆ ಉಲ್ಟಾ. ಅಲ್ಲಿ ಬಹಳ ಜನ ಬಳಸುವ ಹಳಿಯ ಅಗಲ 16.5 ಮಿಲಿಮೀಟರ್. 1930ರ ದಶಕದಿಂದ ಇವತ್ತಿನ ತನಕ ಅದು ಬದಲಾಗಿಲ್ಲ. ಹಳಿ ಅದೇ ಉಳಿಯಿತು, ಹಳಿಯಲ್ಲಿ ಹರಿಯುವ ಮಾತು ಬದಲಾಯಿತು. ಅದಕ್ಕೇ ನನ್ನಂಥವನಿಗೆ ಕೆಲಸ ಸಿಕ್ಕಿತು.

ಈ ಮೇಜಿನ ಮೇಲಿರುವ ಕಪ್ಪು ಎಂಜಿನ್ ನೋಡಿ. ಆರು ಚಕ್ರ, ನನ್ನ ಅಂಗೈ ಉದ್ದ. ಇಂಗ್ಲೆಂಡಿನ ಟ್ರಯಾಂಗ್ ಕಂಪನಿಯದು. ನಿಜವಾದ ಎಂಜಿನ್ನನ್ನು 76 ಪಾಲು ಮಾಡಿದರೆ ಒಂದು ಪಾಲಿನಷ್ಟು ಉದ್ದ ಇದು. ಇದರ ಹೊಟ್ಟೆಯಲ್ಲಿ 12 ವೋಲ್ಟಿನ ಡಿ.ಸಿ. ಮೋಟಾರ್ ಇದೆ. ಹಳೆಯ ಪದ್ಧತಿ ಬಹಳ ಸರಳ. ಎರಡು ಹಳಿ, ಎರಡು ತಂತಿ ಇದ್ದ ಹಾಗೆ. ಪೆಟ್ಟಿಗೆಯ ಗುಂಡಿ ತಿರುಗಿಸಿದರೆ ಹಳಿಗೆ ವೋಲ್ಟೇಜ್ ಬರುತ್ತದೆ, ಚಕ್ರದ ಮೂಲಕ ಮೋಟಾರಿಗೆ ಹೋಗುತ್ತದೆ, ಎಂಜಿನ್ ಓಡುತ್ತದೆ. ವೋಲ್ಟೇಜ್ ಹೆಚ್ಚಿದರೆ ವೇಗ, ಪ್ಲಸ್ಸು ಮೈನಸ್ಸು ಅದಲುಬದಲಾದರೆ ಹಿಂದಕ್ಕೆ.

ಇದರ ತೊಂದರೆ ನಮ್ಮ ರೈತರಿಗೆ ಬೇಗ ತಿಳಿಯುತ್ತದೆ. ನಾಲೆಯ ತೂಬು ಎತ್ತಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ನುಗ್ಗುತ್ತದಲ್ಲ, ಹಾಗೆ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತವೆ, ಒಟ್ಟಿಗೆ ನಿಲ್ಲುತ್ತವೆ. ಒಂದನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿ ಇನ್ನೊಂದನ್ನು ಓಡಿಸಬೇಕಾದರೆ ಹಳಿಯನ್ನು ತುಂಡು ತುಂಡಾಗಿ ಬೇರೆ ಮಾಡಿ, ಪ್ರತಿ ತುಂಡಿಗೂ ಒಂದೊಂದು ಸ್ವಿಚ್ ಹಾಕಬೇಕು.

ಡಿಜಿಟಲ್ ಪದ್ಧತಿಗೆ ಡಿ.ಸಿ.ಸಿ. ಅನ್ನುತ್ತಾರೆ. ಇದರ ಮೂಲ ಜರ್ಮನಿಯ ಲೆಂಟ್ಸ್ ಅನ್ನುವ ಕಂಪನಿಯ ಕೆಲಸ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಸಂಘ 1990ರ ದಶಕದಲ್ಲಿ ಅದನ್ನೇ ಎಲ್ಲರಿಗೂ ತೆರೆದ ಮಾನದಂಡವಾಗಿ ಮಾಡಿತು. ಹಾಗಾಗಿ ಒಂದು ಕಂಪನಿಯ ಪೆಟ್ಟಿಗೆಯಿಂದ ಇನ್ನೊಂದು ಕಂಪನಿಯ ಎಂಜಿನ್ ಓಡಿಸಬಹುದು.

ಇದು ಹೇಗೆ ನಡೆಯುತ್ತದೆ? ನಮ್ಮೂರಲ್ಲಿ ತಮಟೆ ಹೊಡೆದು ಸಾರುತ್ತಿದ್ದದ್ದು ನೆನೆಸಿಕೊಳ್ಳಿ. ಸಾರುವವನ ದನಿ ಎಲ್ಲ ಬೀದಿಗೂ ಕೇಳುತ್ತದೆ. ಆದರೆ "ಇಂಥ ಮನೆಯವರು ಚಾವಡಿಗೆ ಬರಬೇಕು" ಅಂದರೆ ಆ ಮನೆಯವರು ಮಾತ್ರ ಎದ್ದು ಬರುತ್ತಾರೆ. ಡಿ.ಸಿ.ಸಿ.ಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವಿದ್ಯುತ್ ಇರುತ್ತದೆ. ಆ ವಿದ್ಯುತ್ತೇ ಪ್ಲಸ್ಸು ಮೈನಸ್ಸು ಬಲು ಬೇಗ ಅದಲುಬದಲಾಗುತ್ತಾ ಮಾತನ್ನೂ ಹೊತ್ತು ತರುತ್ತದೆ. ಅರ್ಧ ಸುತ್ತು 58 ಮೈಕ್ರೋಸೆಕೆಂಡ್ ಆದರೆ ಅದು 1. ನೂರು ಅಥವಾ ಅದಕ್ಕಿಂತ ಹೆಚ್ಚಾದರೆ ಅದು 0. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಈ 0, 1ಗಳ ಸಾಲಿನಲ್ಲಿ ಮೊದಲು ಎಂಜಿನ್ನಿನ ವಿಳಾಸ, ಆಮೇಲೆ ಅಪ್ಪಣೆ, ಕೊನೆಯಲ್ಲಿ ತಾಳೆ ನೋಡುವ ಲೆಕ್ಕ. ಒಂದು ಸೆಕೆಂಡಿನಲ್ಲಿ ಇಂಥ ನೂರಕ್ಕೂ ಹೆಚ್ಚು ಅಪ್ಪಣೆ ಹೋಗುತ್ತವೆ. ಎಂಜಿನ್ನಿನ ಒಳಗೆ ಹುಣಸೆಬೀಜಕ್ಕಿಂತ ತುಸು ದೊಡ್ಡದಾದ ಡಿಕೋಡರ್ ಅನ್ನುವ ಸರ್ಕ್ಯೂಟ್ ಇರುತ್ತದೆ. ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ತನ್ನ ವಿಳಾಸ ಬಂದಾಗ ಮಾತ್ರ ಮೋಟಾರನ್ನು ತಿರುಗಿಸುತ್ತದೆ. ಎಂಜಿನ್ನಿಗೆ ಹೊಸ ಕಿವಿ ಅಂತ ನಾನು ಹೇಳುವುದು ಇದಕ್ಕೆ.

ತಾಳೆ ನೋಡುವ ಲೆಕ್ಕವನ್ನು ಎಂಟನೇ ತರಗತಿಯ ಮಕ್ಕಳೂ ಮಾಡಬಹುದು. ಬರೆದುಕೊಳ್ಳಿ. ಹೊಸ ಡಿಕೋಡರ್ ಬರುವಾಗ ಅದರ ವಿಳಾಸ 3. ಅದನ್ನು 00000011 ಅಂತ ಬರೆಯುತ್ತಾರೆ. ಮುಂದಕ್ಕೆ ಓಡು ಅನ್ನುವ ಒಂದು ಅಪ್ಪಣೆ 01101000. ಒಂದರ ಕೆಳಗೊಂದು ಬರೆಯಿರಿ. ಮೇಲೆ ಕೆಳಗೆ ಒಂದೇ ಅಂಕಿ ಇದ್ದರೆ 0, ಬೇರೆ ಬೇರೆ ಇದ್ದರೆ 1. ಬರುವ ಉತ್ತರ 01101011. ಪೆಟ್ಟಿಗೆ ಈ ಉತ್ತರವನ್ನೂ ಸೇರಿಸಿ ಕಳಿಸುತ್ತದೆ. ಡಿಕೋಡರ್ ತಾನೂ ಲೆಕ್ಕ ಮಾಡುತ್ತದೆ. ತಾಳೆಯಾಗದಿದ್ದರೆ ಆ ಅಪ್ಪಣೆಯನ್ನು ಬಿಟ್ಟುಬಿಡುತ್ತದೆ. ಸರಿಯಾಗಿ ಕೇಳಿಸದ ಮಾತಿಗೆ ಎದ್ದು ಓಡಬಾರದು ಅನ್ನುವ ಬುದ್ಧಿ ಅದಕ್ಕಿದೆ.

ಇನ್ನು ನನ್ನ ಕಥೆ. ಒಂದು ದಿನ ಮೈಸೂರಿನ ಒಬ್ಬ ಹಿರಿಯರು ಅಂಗಡಿಗೆ ಬಂದರು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ. ಒಳಗೆ ಹಳೆಯ ಪಂಚೆಯಲ್ಲಿ ಸುತ್ತಿದ ಇಂಥದೇ ಕಪ್ಪು ಎಂಜಿನ್. ಅವರ ತಂದೆ ಇಂಗ್ಲೆಂಡಿಗೆ ಹೋಗಿದ್ದಾಗ ತಂದುಕೊಟ್ಟದ್ದು. ಜರ್ಮನಿಯಲ್ಲಿರುವ ಮಗ, ಮೊಮ್ಮಗಳಿಗೆ ಡಿಜಿಟಲ್ ರೈಲಿನ ಸೆಟ್ಟು ಕೊಡಿಸಿ ರಜೆಗೆ ಕರೆತಂದಿದ್ದ. ಆ ಮಗು, "ತಾತನ ಎಂಜಿನ್ ನನ್ನ ಹಳಿ ಮೇಲೆ ಯಾಕೆ ಓಡಲ್ಲ?" ಅಂತ ಕೇಳಿದೆ. ಮಗ ಒಂದು ಡಿಕೋಡರನ್ನೂ ತಂದಿದ್ದ. "ನೋಡಪ್ಪಾ, ನಿನ್ನ ಕೈಲಾಗುತ್ತಾ?" ಅಂದರು. ಐಟಿಐ ಮಾಡಿದ ಕೈ. ಟಿ.ವಿ. ಬಿಚ್ಚಿ ಜೋಡಿಸಿದ ಜಂಬ. "ಆಗುತ್ತೆ ಸಾರ್, ನಾಳೆ ಬನ್ನಿ" ಅಂದೆ.

ಡಿಕೋಡರಿನ ಕೆಂಪು, ಕಪ್ಪು ತಂತಿ ಹಳಿಯ ಕಡೆಗೆ, ಕಿತ್ತಳೆ, ಬೂದು ತಂತಿ ಮೋಟಾರಿಗೆ. ಕಾಗದದಲ್ಲಿ ಹಾಗೇ ಬರೆದಿತ್ತು, ಹಾಗೇ ಬೆಸೆದೆ. ಕರೆಂಟು ಕೊಟ್ಟೆ. ಎಂಜಿನ್ ಒಂದು ಸಲ ನಡುಗಿತು, ಚಿಮಣಿಯಿಂದ ಹೊಗೆ ಬಂತು. ನಿಜವಾದ ಉಗಿಬಂಡಿಯ ಹಾಗೇ ಬಂತು. ಡಿಕೋಡರ್ ಸುಟ್ಟುಹೋಗಿತ್ತು. ಅದರ ಬೆಲೆ ಆಗಿನ ನನ್ನ ಅಂಗಡಿಯ ಒಂದು ತಿಂಗಳ ಬಾಡಿಗೆ.

ತಪ್ಪೇನು? ಈ ಹಳೆಯ ಎಂಜಿನ್‌ಗಳಲ್ಲಿ ಮೋಟಾರಿನ ಎರಡು ಕಾರ್ಬನ್ ಬ್ರಷ್‌ಗಳಲ್ಲಿ ಒಂದು ಎಂಜಿನ್ನಿನ ಲೋಹದ ಚಾಸಿಗೇ ತಾಗಿಕೊಂಡಿರುತ್ತದೆ. ಒಂದು ಪಕ್ಕದ ಚಕ್ರಗಳೂ ಅದೇ ಚಾಸಿಗೆ ತಾಗಿರುತ್ತವೆ. ಒಂದು ತಂತಿ ಉಳಿತಾಯ ಆಗಲಿ ಅಂತ ಹಾಗೆ ಮಾಡಿದ್ದರು. ಹಳೆಯ ಪದ್ಧತಿಯಲ್ಲಿ ಅದು ಜಾಣತನ. ಆದರೆ ಡಿಕೋಡರ್ ಹಾಕಿದ ಮೇಲೆ ಹಳಿಯಿಂದ ಬಂದ ವಿದ್ಯುತ್ ಡಿಕೋಡರಿಗೆ ಹೋಗಬೇಕು, ಡಿಕೋಡರಿನಿಂದ ಮಾತ್ರ ಮೋಟಾರಿಗೆ ಹೋಗಬೇಕು. ಹಳಿಗೂ ಮೋಟಾರಿಗೂ ನೇರ ನಂಟು ಎಲ್ಲೂ ಇರಕೂಡದು. ನಾನು ಆ ನಂಟನ್ನು ಕತ್ತರಿಸದೆ ಬಿಟ್ಟಿದ್ದೆ. ಹಳಿಯ ಪೂರ್ತಿ ವಿದ್ಯುತ್ ಡಿಕೋಡರಿನ ಬಾಯಿಗೇ ನುಗ್ಗಿತು. ಮಲ್ಟಿಮೀಟರ್ ಹಿಡಿದು ಒಂದೇ ಒಂದು ನಿಮಿಷ ನೋಡಿದ್ದರೆ ತಿಳಿಯುತ್ತಿತ್ತು. "ಮೊದಲು ಅಳತೆ, ಆಮೇಲೆ ಕೆಲಸ ಕಣ್ರೋ" ಅಂತ ಇದೇ ಶಾಲೆಯ ಮೇಷ್ಟ್ರು ಹೇಳಿಕೊಟ್ಟದ್ದನ್ನೇ ಮರೆತಿದ್ದೆ.

ನನ್ನ ದುಡ್ಡಿನಲ್ಲೇ ಇನ್ನೊಂದು ಡಿಕೋಡರ್ ತರಿಸಿದೆ. ಈ ಸಲ ಬ್ರಷ್ಷನ್ನು ಚಾಸಿಯಿಂದ ಬೇರೆ ಮಾಡಿದೆ. ಆದರೆ ಒಳಗೆ ಜಾಗ ಸಾಲಲಿಲ್ಲ. ಮೋಟಾರಿನ ಮುಂದೆ ಒಂದು ಲೋಹದ ಗಟ್ಟಿ ಇತ್ತು. ಇದು ಬರೀ ಭಾರಕ್ಕೆ ತಾನೆ ಅಂದುಕೊಂಡು ಗರಗಸದಲ್ಲಿ ಅರ್ಧ ಕತ್ತರಿಸಿ, ತುಂಡನ್ನು ಗುಜರಿ ಡಬ್ಬಿಗೆ ಎಸೆದೆ. ಡಿಕೋಡರ್ ಕೂತಿತು, ಎಂಜಿನ್ ಓಡಿತು. ಹಿರಿಯರು ಬಂದರು. ಮನೆಗೆ ಕರೆದುಕೊಂಡು ಹೋಗಿ ಮೊಮ್ಮಗಳ ಹಳಿಯ ಮೇಲೆ ಇಟ್ಟರು, ಹಿಂದೆ ಮೂರು ಡಬ್ಬಿ ಕೊಂಡಿ ಹಾಕಿದರು. ಚಕ್ರ ತಿರುಗಿತು, ಎಂಜಿನ್ ನಿಂತಲ್ಲೇ ಜಾರಿತು. ಹಿಂದೆ ಐದು ಡಬ್ಬಿ ಎಳೆಯುತ್ತಿದ್ದ ಎಂಜಿನ್. ಚಕ್ರ ಹಳಿಯನ್ನು ಕಚ್ಚಿ ಹಿಡಿಯುವುದು ಭಾರದಿಂದ. ನಾನು ತೆಗೆದದ್ದು ಅದರ ಶಕ್ತಿಯನ್ನೇ. ನಿಜವಾದ ರೈಲಿಗೂ ಇದೇ ನಿಯಮ.

ಅವರಿಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಎಂಜಿನ್ನನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು. "ಓಡುತ್ತೆ, ಸರಿ. ಆದರೆ ಇದು ನಮ್ಮಪ್ಪ ಕೊಟ್ಟ ಎಂಜಿನ್ ಅಲ್ಲಪ್ಪ, ನೀನು ಮಾಡಿದ ಎಂಜಿನ್" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಅಂಗಡಿಗೆ ಓಡಿ ಬಂದು ಗುಜರಿ ಡಬ್ಬಿ ಸುರಿದು ಹುಡುಕಿದೆ. ಹಿಂದಿನ ದಿನವೇ ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋಗಿದ್ದ. ಕೊನೆಗೆ ಟೈರ್ ಅಂಗಡಿಯಲ್ಲಿ ಚಕ್ರ ಸಮತೂಕ ಮಾಡಲು ಬಳಸುವ ಸೀಸದ ತುಂಡುಗಳನ್ನು ತಂದು, ಸಂದುಗೊಂದುಗಳಲ್ಲಿ ಅಂಟಿಸಿ ಭಾರ ತುಂಬಿದೆ. ಎಂಜಿನ್ ಮತ್ತೆ ಐದು ಡಬ್ಬಿ ಎಳೆಯಿತು. ಆ ತುಂಡು ಮಾತ್ರ ಹೋದದ್ದು ಹೋಯಿತು.

ಅವತ್ತಿನಿಂದ ಅಂಗಡಿಯಲ್ಲಿ ನಾಲ್ಕು ನಿಯಮ ಬರೆದು ಹಾಕಿದ್ದೇನೆ.

ಮೊದಲನೆಯದು, ಮೊದಲು ಹಳೆಯ ಪದ್ಧತಿಯಲ್ಲೇ ಚೆನ್ನಾಗಿ ಓಡಲಿ. ಓಡದ ಎಂಜಿನ್ನಿಗೆ ಡಿಕೋಡರ್ ಹಾಕಿದರೆ ಅದು ಡಿಜಿಟಲ್ ಆಗಿ ಓಡದ ಎಂಜಿನ್ ಆಗುತ್ತದೆ, ಅಷ್ಟೆ. ಚಕ್ರ ಒರೆಸಬೇಕು. ಮೋಟಾರಿನ ತಾಮ್ರದ ಪಟ್ಟಿಗಳ ಸಂದಿಯಲ್ಲಿ ಕೂತ ಇಂಗಾಲದ ಪುಡಿಯನ್ನು ಹಲ್ಲುಕಡ್ಡಿಯಿಂದ ತೆಗೆಯಬೇಕು. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು, ಎರಡನೆಯದು ಬೇಡ.

ಎರಡನೆಯದು, ಅಳೆಯದೆ ಬೆಸೆಯಬೇಡ. ಚಕ್ರವನ್ನು ಬೆರಳಿನಿಂದ ಒತ್ತಿ ಹಿಡಿದು ಕ್ಷಣಕಾಲ 12 ವೋಲ್ಟ್ ಕೊಟ್ಟು ಎಷ್ಟು ಆಂಪಿಯರ್ ಎಳೆಯುತ್ತದೆ ಅಂತ ನೋಡಬೇಕು. ಹಳೆಯ ಮೋಟಾರಿನ ಅಯಸ್ಕಾಂತ ವರ್ಷ ಕಳೆದಂತೆ ಸೋಲುತ್ತದೆ. ಸೋತಷ್ಟೂ ಮೋಟಾರ್ ಹೆಚ್ಚು ಕರೆಂಟು ಎಳೆಯುತ್ತದೆ. ಸಣ್ಣ ಡಿಕೋಡರುಗಳು ಸಾಮಾನ್ಯವಾಗಿ ತಡೆಯುವುದು 1 ಆಂಪಿಯರ್. ಅದಕ್ಕಿಂತ ಹೆಚ್ಚು ಬಂದರೆ ನಿಯೋಡೈಮಿಯಮ್ ಅನ್ನುವ ಬಲವಾದ ಹೊಸ ಅಯಸ್ಕಾಂತ ಹಾಕಬೇಕು, ಇಲ್ಲವೇ ದೊಡ್ಡ ಡಿಕೋಡರ್ ಹುಡುಕಬೇಕು.

ಮೂರನೆಯದು, ನಂಟು ಪೂರ್ತಿ ಬಿಡಿಸು. ಬ್ರಷ್ಷನ್ನು ಚಾಸಿಗೆ ಸೇರಿಸುವ ತಾಮ್ರದ ಪಟ್ಟಿ ತೆಗೆಯಬೇಕು. ಬ್ರಷ್ಷನ್ನು ಒತ್ತಿ ಹಿಡಿಯುವ ಸ್ಪ್ರಿಂಗಿನ ಒಂದು ಕಾಲಿಗೆ ಮೊದಲೇ ಪ್ಲಾಸ್ಟಿಕ್ ತೋಳು ಇರುತ್ತದೆ, ಇನ್ನೊಂದು ಕಾಲಿಗೂ ತೊಡಿಸಬೇಕು. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಬ್ರಷ್ಷಿಗೆ, ಇನ್ನೊಂದು ಚಾಸಿಗೆ, ಚಕ್ರಕ್ಕೆ. ಎಲ್ಲೂ ಬಜರ್ ಕೂಗಬಾರದು. ಅದಾದ ಮೇಲೂ ನೇರವಾಗಿ ದೊಡ್ಡ ಹಳಿಗೆ ಇಡುವುದಿಲ್ಲ. ಕಡಿಮೆ ಕರೆಂಟು ಕೊಡುವ ಪರೀಕ್ಷೆಯ ಹಳಿಯ ಮೇಲೆ ಇಟ್ಟು, "ನಿನ್ನ ವಿಳಾಸ ಯಾವುದು?" ಅಂತ ಕೇಳುತ್ತೇನೆ. "3" ಅಂತ ಉತ್ತರ ಬಂದರೆ ಜೋಡಣೆ ಸರಿ ಇದೆ. ತಪ್ಪಿದ್ದರೆ ಅಲ್ಲಿ ಡಿಕೋಡರ್ ಸುಡುವ ಭಯ ಕಡಿಮೆ.

ನಾಲ್ಕನೆಯದು ನನಗೆ ದೊಡ್ಡದು. ಹಿಂದಕ್ಕೆ ಹೋಗುವ ದಾರಿ ಉಳಿಸು. ಈಗ ನಾನು ಲೋಹ ಕತ್ತರಿಸುವುದಿಲ್ಲ, ರಂಧ್ರ ಕೊರೆಯುವುದಿಲ್ಲ. ಜಾಗ ಸಾಲದಿದ್ದರೆ ಸಣ್ಣ ಡಿಕೋಡರಿಗೆ ಕಾಯುತ್ತೇನೆ. ತೆಗೆದ ಪಟ್ಟಿ, ತಿರುಪು, ಅಯಸ್ಕಾಂತ ಎಲ್ಲವನ್ನೂ ಒಂದು ಕವರಿಗೆ ಹಾಕಿ, ಯಾವುದು ಎಲ್ಲಿತ್ತು ಅಂತ ಚೀಟಿ ಬರೆದು ಎಂಜಿನ್ನಿನ ಜೊತೆಗೇ ಕೊಡುತ್ತೇನೆ. ಮುಂದೆ ಯಾರಿಗಾದರೂ ಹಳೆಯ ರೀತಿಯಲ್ಲೇ ಬೇಕು ಅನ್ನಿಸಿದರೆ ಒಂದು ಸಂಜೆಯಲ್ಲಿ ಮೊದಲಿನಂತೆ ಮಾಡಬಹುದು.

ಕೆಲವು ಎಂಜಿನ್‌ಗಳನ್ನು ನಾನು ಮುಟ್ಟುವುದೇ ಇಲ್ಲ. ಪೆಟ್ಟಿಗೆ, ಕಾಗದ, ಬಣ್ಣ ಎಲ್ಲವೂ ಅಂದಿನದೇ ಉಳಿದಿದ್ದರೆ, "ಸಾರ್, ಇದಕ್ಕೆ ಬೇರೆ ಹಳಿ ಹಾಕಿ ಹಳೆಯ ಪೆಟ್ಟಿಗೆಯಲ್ಲೇ ಓಡಿಸಿ" ಅನ್ನುತ್ತೇನೆ. ಡಿಕೋಡರ್ ಇಲ್ಲದೆ ಡಿಜಿಟಲ್ ಹಳಿಯ ಮೇಲೆ ಇಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಕೆಲವು ಪೆಟ್ಟಿಗೆಗಳಲ್ಲಿ ಅದಕ್ಕೂ ಅವಕಾಶ ಇದೆ. ಆದರೆ ಮೋಟಾರ್ ನಿಂತಲ್ಲೇ ಗುಂಯ್‌ಗುಡುತ್ತಾ ಬಿಸಿಯಾಗುತ್ತದೆ. ಬಹಳ ಹೊತ್ತು ಬಿಟ್ಟರೆ ಸುಡಲೂಬಹುದು. ಬೇಡ ಅನ್ನುತ್ತೇನೆ. ನನ್ನ ಸಂಪಾದನೆ ಸ್ವಲ್ಪ ಕಡಿಮೆಯಾಗುತ್ತದೆ, ಪರವಾಗಿಲ್ಲ.

ಒಂದು ವರ್ಷ ಬಿಟ್ಟು ಆ ಹಿರಿಯರು ಮತ್ತೆ ಬಂದರು. ಕೈಯಲ್ಲಿ ಇನ್ನೊಂದು ಬಿಸ್ಕತ್ತಿನ ಡಬ್ಬಿ. ಅವರ ತಮ್ಮನ ಎಂಜಿನ್. "ಇದನ್ನೂ ನೀನೇ ಮಾಡು. ಒಂದು ಸಲ ತಪ್ಪು ಮಾಡಿದವನಿಗೆ ಎಲ್ಲಿ ತಪ್ಪುತ್ತೆ ಅಂತ ಗೊತ್ತಿರುತ್ತೆ" ಅಂದರು. ಎಂಟು ದಿನ ತೆಗೆದುಕೊಂಡೆ. ಕವರು, ಚೀಟಿ ಸಮೇತ ಕೊಟ್ಟೆ. ಅವರು ಮೊದಲು ಎಂಜಿನ್ನನ್ನು ನೋಡಲಿಲ್ಲ, ಚೀಟಿ ಓದಿದರು. ಓದಿ ಜೇಬಿನಲ್ಲಿಟ್ಟುಕೊಂಡರು. ನಮ್ಮವ್ವನ ಪ್ರಶ್ನೆಗೆ ನನ್ನ ಉತ್ತರ ಅದೇ. ಆಟದ ಸಾಮಾನು ನಿಜ. ಆದರೆ ಒಬ್ಬರ ಮನೆಯ ಮೂರು ತಲೆಮಾರು ಅದನ್ನು ಕೈಯಲ್ಲಿ ಹಿಡಿದಿದೆ. ನಾಲ್ಕನೆಯವರ ಕೈಗೆ ಅದನ್ನು ಓಡುವ ಸ್ಥಿತಿಯಲ್ಲಿ ಕೊಡುವುದು ಸಣ್ಣ ಕೆಲಸವಲ್ಲ.

ನಮ್ಮ ದೇಶದಲ್ಲಿ ಈ ಹವ್ಯಾಸ ಇರುವವರು ಕಡಿಮೆ, ಆದರೂ ಇದ್ದಾರೆ. ಪುಣೆಯ ಕೋತ್ರೂಡಿನಲ್ಲಿ ಜೋಶಿಯವರು ಕಟ್ಟಿದ ಕಿರು ರೈಲ್ವೆ ಮ್ಯೂಸಿಯಂ ಇದೆ. ಆ ಕಡೆ ಹೋದವರು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ.

ಈಗ ಶಾಲೆಗೆ ನನ್ನ ಕಾಣಿಕೆ. ಈ ಮೇಜಿನ ಮೇಲಿರುವ ಹಳಿಯ ಸುತ್ತು, ಎರಡು ಎಂಜಿನ್, ಐದು ಡಬ್ಬಿ ಇಲ್ಲೇ ಉಳಿಯುತ್ತವೆ. ರಟ್ಟಿನಲ್ಲಿ ಮಾಡಿದ ಈ ಸ್ಟೇಷನ್ನಿಗೆ ಹಳದಿ ಫಲಕದ ಮೇಲೆ "ಬದನಗುಪ್ಪೆ" ಅಂತ ಬರೆದಿದ್ದೇನೆ, ನೋಡಿದಿರಾ? ಅಪ್ಪಣೆ ಕಳಿಸುವ ಪೆಟ್ಟಿಗೆಯನ್ನು ಅಂಗಡಿಯಿಂದ ಕೊಂಡಿಲ್ಲ. ಆರ್ಡುಯಿನೋ ಅನ್ನುವ ಸಣ್ಣ ಬೋರ್ಡು, ಅದರ ಮೇಲೊಂದು ಮೋಟಾರ್ ಶೀಲ್ಡು. ಅದಕ್ಕೆ ಬೇಕಾದ ಡಿ.ಸಿ.ಸಿ.-ಇ.ಎಕ್ಸ್. ಅನ್ನುವ ಪ್ರೋಗ್ರಾಮನ್ನು ಹವ್ಯಾಸಿಗಳೇ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದಾರೆ. ಒಂಬತ್ತನೇ ತರಗತಿಯ ಮಕ್ಕಳು ಅದನ್ನು ತೆರೆದು ಓದಬಹುದು, ಬದಲಾಯಿಸಬಹುದು.

ಒಂದು ಎಂಜಿನ್ನಿಗೆ ನಾನು ಡಿಕೋಡರ್ ಹಾಕಿದ್ದೇನೆ. ಇನ್ನೊಂದಕ್ಕೆ ಹಾಕಿಲ್ಲ. ಡಿಕೋಡರ್, ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ನನ್ನ ನಾಲ್ಕು ನಿಯಮದ ಹಾಳೆ, ಎಲ್ಲ ಈ ಡಬ್ಬಿಯಲ್ಲಿವೆ. ಅದನ್ನು ನೀವೇ ಮಾಡಬೇಕು, ಮಕ್ಕಳೇ. ಮುಖ್ಯೋಪಾಧ್ಯಾಯರಲ್ಲಿ ಒಂದೇ ಬಿನ್ನಹ. ದಯವಿಟ್ಟು ಇದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಹುಡುಗರ ಕೈಯಲ್ಲಿ ಡಿಕೋಡರ್ ಸುಟ್ಟರೆ ಬೈಯಬೇಡಿ, ನನಗೆ ಒಂದು ಫೋನ್ ಮಾಡಿ. ಇನ್ನೊಂದು ಕಳಿಸುತ್ತೇನೆ. ನಾನು ಸುಟ್ಟದ್ದನ್ನೂ ಡಬ್ಬಿಯಲ್ಲೇ ಇಟ್ಟಿದ್ದೇನೆ, ನೋಡಿ ಕಲಿಯಲಿ ಅಂತ.

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದೆ. ಇನ್ನು ಹೊಸ ಕೊಠಡಿ ಬರುತ್ತದೆ, ಸ್ಮಾರ್ಟ್ ಕ್ಲಾಸು ಬರುತ್ತದೆ, ಬರಲಿ, ಬೇಕು. ಹೊಸದನ್ನು ತರುವಾಗ, ಯಾವುದು ಬರೀ ಭಾರ, ಯಾವುದು ಹಿಡಿತ ಅಂತ ಒಂದು ಸಲ ತೂಗಿ ನೋಡಿ. ಗುಜರಿಗೆ ಹೋದ ತುಂಡು ವಾಪಸು ಬರುವುದಿಲ್ಲ.

ಆಯಿತು, ಮಾತು ಸಾಕು. ಮೊದಲನೇ ಎಂಜಿನ್ನಿನ ವಿಳಾಸ 3. ಎಂಟನೇ ತರಗತಿಯ ಹುಡುಗಿ ಒಬ್ಬಳು ಬಂದು ಈ ಗುಂಡಿ ಒತ್ತಲಿ. ಬಾ ತಾಯಿ, ಹೆದರಬೇಡ. ಉಳಿದವರು ಡಬ್ಬಿ ಎಣಿಸಿ. ಇವತ್ತು ಯಾರೂ ಹೊಡೆಯುವುದಿಲ್ಲ.